ಚೊಚ್ಚಲು ತವರಿನದು

ಜನವರಿ 14, 1997

ನಾನು ಚಿಕ್ಕಬೋರಮ್ಮ, ಅರಕೆರೆಯ ಜೋಡಿಬಾವಿ ಮನೆಯ ಯಜಮಾನಿ. ವಯಸ್ಸು ನಲವತ್ತಮೂರು. ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಹತ್ತನೆಯವರೆಗೆ ಓದಿದವಳು. ನನ್ನ ದುಂಡು ಅಕ್ಷರವನ್ನು ಹೆಡ್ಮಾಸ್ಟರು ಎಲ್ಲ ತರಗತಿಗೂ ತೋರಿಸಿಕೊಂಡು ಬಂದಿದ್ದರು. ಯಜಮಾನರು ತೀರಿಕೊಂಡು ಎಂಟು ವರ್ಷವಾಯಿತು. ಅಂದಿನಿಂದ ನಾಲೆ ಬಯಲಿನ ಗದ್ದೆ, ಕಬ್ಬು, ಕೊಟ್ಟಿಗೆ ಎಲ್ಲವನ್ನೂ ನಾನೇ ನಡೆಸುತ್ತಿದ್ದೇನೆ. ಊರಿನ ನ್ಯಾಯದಲ್ಲಿ ಬೇರೆ ಹೆಂಗಸರು ಕಂಬದ ಹಿಂದೆ ನಿಲ್ಲುತ್ತಾರೆ, ನನಗೆ ಚಾಪೆ ಹಾಸುತ್ತಾರೆ. ಮೈದುನ ಕರಿಯಪ್ಪ ಒಮ್ಮೆ ನಮ್ಮ ತೂಬಿಗೆ ಕಲ್ಲು ಹಾಕಿ ನೀರು ತಿರುಗಿಸಿಕೊಂಡಾಗ ಗುದ್ದಲಿಯ ಕಾವಿನಿಂದ ಅವನ ಬೆನ್ನಿಗೆ ಎರಡು ಬಿಟ್ಟಿದ್ದೆ. ಆಮೇಲೆ ಯಾರೂ ತೂಬಿನ ಹತ್ತಿರ ಬಂದಿಲ್ಲ. ಸರಿಯಾದ ಹೊತ್ತಿಗೆ ಬಿದ್ದ ಒಂದು ಏಟು ನೂರು ಮಾತನ್ನು ಉಳಿಸುತ್ತದೆ.

ಇದನ್ನೆಲ್ಲ ಯಾಕೆ ಬರೆದೆನೆಂದರೆ, ಇವತ್ತು ನನ್ನ ಜಗಲಿಯ ಮೇಲೆ ಕುಳಿತು ನನಗೇ ಮಾತು ಹೇಳಿ ಹೋದರು.

ಸಂಕ್ರಾಂತಿಗೆಂದು ಶೀಳನೆರೆಯಿಂದ ಅಳಿಯಂದಿರು ರಂಗಸ್ವಾಮಿಯವರು, ಅವರ ತಾಯಿ, ಮಗಳು ಮೂವರೂ ಬಂದಿದ್ದರು. ಹೋದ ವರ್ಷ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಹಿತ್ತಲಲ್ಲಿ ಜಾರಿಬಿದ್ದು, ಮಗು ಸತ್ತು, ಗರ್ಭಕೋಶವನ್ನೇ ತೆಗೆದು ಅವಳ ಜೀವ ಉಳಿಸಿದರು. ಗರ್ಭಕೋಶದ ವಿಷಯ ಎರಡು ಮನೆ ಬಿಟ್ಟು ಹೊರಗೆ ಹೋಗಿಲ್ಲ.

ಬೀಗಿತಿ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಶುರು ಮಾಡಿದರು. "ನೋಡಿ ಬೀಗ್ತಿ, ಕೊಡ ತೂತಾಯ್ತು ಅಂತ ನೀರು ಕುಡಿಯೋದ ಬುಡಕ್ಕಾಯ್ತದಾ? ನಾಗಮಂಗಲದ ಕಡೆ ಒಂದು ಹೆಣ್ಣು ನೋಡಿವಿ. ನಿಮ್ಮ ಮಗಳು ಒಂದು ಮೂಲೇಲಿ ಬಿದ್ದಿರ್ಲಿ, ಬ್ಯಾಡ ಅನ್ನಲ್ಲ."

ಮಗಳು ಅಳಲು ಶುರು ಮಾಡಿದಳು. ಬೀಗರ ಮುಂದೆ ಕಣ್ಣೀರು ಹಾಕಿದ್ದಕ್ಕೆ ಕೆನ್ನೆಗೆ ಬಾರಿಸಿದೆ. ಓಲೆ ಹಾರಿ ಎಳ್ಳಿನ ತಟ್ಟೆಗೆ ಬಿತ್ತು.

"ಒಂದು ವರ್ಷ ತಡೀರಿ. ಬರೋ ಸಂಕ್ರಾಂತಿಗೆ ನಿಮ್ಮ ವಂಶದ ಮಗಾನ ನಿಮ್ಮ ಮಡಿಲಿಗೆ ಆಕ್ತೀನಿ" ಎಂದೆ.

"ಎಲ್ಲಿಂದ ತತ್ತೀರಾ ಅತ್ತೆಮ್ಮ, ಕೆ.ಆರ್. ಪೇಟೆ ಸಂತೆಯಿಂದ್ಲಾ?" ಎಂದು ಅಳಿಯಂದಿರು ನಕ್ಕರು.

ಎರಡು ತಿಂಗಳ ಹಿಂದೆ ಪೇಪರಿನಿಂದ ಕತ್ತರಿಸಿಟ್ಟ ಸುದ್ದಿ ಈ ಪುಸ್ತಕದೊಳಗೇ ಇದೆ. ಒಬ್ಬರ ಮಗುವನ್ನು ಇನ್ನೊಬ್ಬರ ಹೊಟ್ಟೆಯಲ್ಲಿ ಬೆಳೆಸುತ್ತಾರಂತೆ. ಇನ್ನೊಂದು ಸಲ ಓದಿದೆ. ಆಗಬಹುದು.

ಫೆಬ್ರವರಿ 5

ಅಳಿಯಂದಿರ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಬಂದೆವು. ಡಾಕ್ಟರಮ್ಮ ನನಗಿಂತ ಚಿಕ್ಕವರು, ಮಾತು ನೆಟ್ಟಗಿದೆ. ಮಗಳ ಗರ್ಭಕೋಶ ಹೋಗಿದ್ದರೂ ಅಂಡಗಳು ಚೆನ್ನಾಗಿವೆಯಂತೆ. ಅವನ್ನು ಹೊರಗೆ ತೆಗೆದು, ಅಳಿಯಂದಿರ ಬೀಜದೊಡನೆ ಗಾಜಿನ ತಟ್ಟೆಯಲ್ಲಿ ಸೇರಿಸಿ, ಮೊಳೆತ ಮೇಲೆ ಹೊರುವವಳ ಗರ್ಭದೊಳಗೆ ಇಡುತ್ತಾರೆ.

ನನಗೆ ಅರ್ಥವಾಯಿತು. ಒಟ್ಟಲಿನಲ್ಲಿ ಬೆಳೆದ ಪೈರನ್ನು ಕಿತ್ತು ಬೇರೆ ಗದ್ದೆಗೆ ನಾಟಿ ಮಾಡಿದ ಹಾಗೆ.

"ಹೊರೋದಕ್ಕೆ ಯಾರನ್ನಾದರೂ ಗೊತ್ತು ಮಾಡಿದ್ದೀರಾ?" ಎಂದು ಕೇಳಿದರು.

"ನಾನಿದ್ದೀನಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನನ್ನ ವಯಸ್ಸಿಗೆ ರಕ್ತದೊತ್ತಡ ಏರಬಹುದು, ಸಕ್ಕರೆ ಬರಬಹುದು, ಹೆರಿಗೆಯಲ್ಲಿ ಜೀವಕ್ಕೇ ಕುತ್ತಾಗಬಹುದು ಎಂದು ಎಲ್ಲ ಹೇಳಿದರು. ನನ್ನ ಮುಟ್ಟು ಇನ್ನೂ ನಿಂತಿಲ್ಲ, ಇವತ್ತಿಗೂ ಒಂದು ಮೂಟೆ ಭತ್ತ ಎತ್ತಿ ಇಳಿಸುತ್ತೇನೆ ಎಂದೆ. ರಕ್ತ ತೆಗೆದರು, ಹೃದಯ ನೋಡಿದರು, ಹೊಟ್ಟೆಯ ಸ್ಕ್ಯಾನ್ ಮಾಡಿದರು. ಆಮೇಲೆ, "ನಿಮ್ಮ ಮಗಳೊಬ್ಬಳ ಹತ್ತಿರವೇ ಮಾತಾಡಬೇಕು, ಹೊರಗಿರಿ" ಎಂದರು.

"ಅವಳನ್ನೇನು ಕೇಳೋದು, ನಾನು ಹೇಳಿದ್ದೀನಲ್ಲ" ಎಂದೆ. ಆದರೂ ಹೊರಗೆ ಕಳಿಸಿದರು. ಹತ್ತು ನಿಮಿಷ ಒಳಗೆ ಏನು ಮಾತಾಯಿತೋ ತಿಳಿಯದು.

ಕಾಗದಗಳಿಗೆ ಮೂವರೂ ರುಜು ಹಾಕಿದೆವು. ಮಗು ಅವರಿಬ್ಬರದು, ನಾನು ಹೊತ್ತುಕೊಡುವವಳು ಎಂದು ಅದರಲ್ಲಿದೆ.

ಕಾರಿನಲ್ಲಿ ಬರುತ್ತ ಏರ್ಪಾಡು ಹೇಳಿದೆ. ಮಗಳು ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ನನ್ನ ಮನೆಯಲ್ಲಿರಬೇಕು. ನನಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಊರಿಗೆ ಹೇಳಬೇಕು. ಕೊನೆಗೆ ಇಬ್ಬರೂ ಮೈಸೂರಿಗೆ ಹೋಗಿ, ಮಗುವಿನೊಡನೆ ಬರಬೇಕು.

"ಜನ ಏನಾದ್ರೂ ಅಂದ್ರೆ?" ಎಂದರು ಅಳಿಯಂದಿರು.

"ಚೊಚ್ಚಲ ಬಾಣಂತನ ತವರಿಂದು ತಾನೆ? ತವರಲ್ಲೇ ಆಯ್ತದೆ. ಅದ್ರಲ್ಲಿ ಮಾತೇನು?"

ಏಪ್ರಿಲ್ 11

ಇಪ್ಪತ್ತು ದಿನ ನಾನು ಮಾತ್ರೆ ನುಂಗಿದೆ, ಗರ್ಭದ ಒಳಗೋಡೆ ದಪ್ಪವಾಗಲೆಂದು. ಮಗಳಿಗೆ ದಿನವೂ ಹೊಟ್ಟೆಗೆ ಇಂಜೆಕ್ಷನ್. ಮೊನ್ನೆ ಅವಳಿಗೆ ಮತ್ತು ಕೊಟ್ಟು ಅಂಡ ತೆಗೆದರು. ಎಂಟು ಸಿಕ್ಕವು. ಅಳಿಯಂದಿರು ಕೊಡಬೇಕಾದ್ದನ್ನು ಕೊಟ್ಟು, ಯಾರ ಮುಖವನ್ನೂ ನೋಡದೆ ಕಾರಿನಲ್ಲಿ ಹೋಗಿ ಕುಳಿತರು.

ಇವತ್ತು ನನ್ನನ್ನು ಮಲಗಿಸಿ ಮೂರು ಮೊಳಕೆಗಳನ್ನು ಸಣ್ಣ ನಳಿಗೆಯಿಂದ ಒಳಗೆ ಬಿಟ್ಟರು. ನೋಯಲಿಲ್ಲ. ಯಜಮಾನರು ಹೋದ ಮೇಲೆ ಯಾರ ಕೈಯೂ ಮುಟ್ಟದ ಮೈ. ಕಣ್ಣು ಮುಚ್ಚಿಕೊಂಡು ತೂಬುಗಳನ್ನು ಒಂದೊಂದಾಗಿ ಎಣಿಸುತ್ತ ಮಲಗಿದ್ದೆ.

ಜೊತೆಗೆ ಬಂದಿದ್ದ ಮಾದಮ್ಮನಿಗೆ ಎಲ್ಲ ಹೇಳಿದ್ದೇನೆ. ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ದುಡಿಯುವ ಮುದುಕಿ, ಅವಳಿಗೆ ಮುಚ್ಚಿಟ್ಟರೆ ನಡೆಯುವುದಿಲ್ಲ. "ಇದ್ಕೇನ್ ಗೌಡ್ತಮ್ಮ ಇಷ್ಟು ದೊಡ್ಡ ಆಸ್ಪತ್ರೆ? ಬಾತುಕೋಳಿ ಮೊಟ್ಟೆನ ನಾವು ನಾಟಿ ಕೋಳಿ ಕೆಳಗೆ ಮಡಗಿ ಕಾವು ಕೂರ್ಸಲ್ವಾ? ಅಂಗೇಯ" ಎಂದಳು. ಬಾಯಿ ಮುಚ್ಚು ಎಂದು ಗದರಿದೆ. ಮಗಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅವಳು ನಗುವಾಗ ನನ್ನ ತಾಯಿಯ ಹಾಗೆ ಕಾಣುತ್ತಾಳೆ. ಇದು ಮೊದಲು ತಿಳಿದಿರಲಿಲ್ಲ.

ಏಪ್ರಿಲ್ 26

ರಕ್ತ ಪರೀಕ್ಷೆ ಬಂತು. ನಿಂತಿದೆ.

ಮೇ 20

ಮೂರರಲ್ಲಿ ನಿಂತಿರುವುದು ಒಂದೇ ಎಂದು ಸ್ಕ್ಯಾನಿನಲ್ಲಿ ಕಂಡಿತು. ಬೆಳಗ್ಗೆ ಎದ್ದರೆ ವಾಂತಿ. ಗಡ್ಡೆಯ ಕಾಟ ಎಂದು ಊರಿಗೆ ಹೇಳಿದೆ. ಗರ್ಭ ನಿಲ್ಲಲು ದಿನವೂ ಸೊಂಟದ ಕೆಳಗೆ ಎಣ್ಣೆ ಇಂಜೆಕ್ಷನ್ ಆಗಬೇಕು. ಕಾಂಪೌಂಡರನ್ನು ಕರೆದರೆ ಗುಟ್ಟು ರಟ್ಟಾಗುತ್ತದೆಂದು ಡಾಕ್ಟರಮ್ಮ ಮಗಳಿಗೇ ಕಲಿಸಿದ್ದಾರೆ. ಎರಡು ಕಡೆಯೂ ಗಂಟು ಗಂಟಾಗಿದೆ. ಮಲಗಲು ಪಕ್ಕವಿಲ್ಲ.

ಇವತ್ತು ಅವಳ ಕೈ ಸರಿಯಿರಲಿಲ್ಲ. ಸೂಜಿ ಎಲುಬಿಗೆ ತಾಗಿದಂತಾಯಿತು. "ಕಣ್ಣು ಎಲ್ಲಿಟ್ಟಿದ್ದೀಯೇ?" ಎಂದು ತಿರುಗಿ ಅವಳ ಕೈಗೆ ಹೊಡೆದೆ. ಅವಳು ಸೂಜಿಯನ್ನು ತೆಗೆಯಲಿಲ್ಲ.

"ನೋಯ್ತದಾ ಅವ್ವ?"

"ತಗಿಯೇ ಮೊದ್ಲು."

"ನಂಗೂ ನೋಯ್ತಿತ್ತು. ಹೋದ ವರ್ಷ ಯುಗಾದಿಗೆ ಬಂದಾಗ ತೋಳು ತೋರಿಸ್ದೆ, ಬೆನ್ನು ತೋರಿಸ್ದೆ. ಗಂಡಸು ಅಂದ್ಮೇಲೆ ಕೈ ಎತ್ತದೆ ಇರ್ತಾನಾ ಅಂದೆ ನೀನು. ಹೆಣ್ಣು ಸತ್ರೂ ಗಂಡನ ಮನೇಲೇ ಸಾಯ್ಬೇಕು ಅಂದೆ. ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಅದೇ ಬಸ್ಸಿಗೆ ಹತ್ತಿಸ್ದೆ."

"ಅದಕ್ಕೇನೀಗ?"

"ನಾನು ಜಾರಿಬಿದ್ದಿಲ್ಲ ಕಣವ್ವ. ಒದ್ದ. ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ಕೊಟ್ಟಿಗೆ ಗೋಡೆಗೆ ಒರಗಿಸ್ಕೊಂಡು ಮೂರು ಸಲ ಒದ್ದ. ಮೂರ್ನೇದಕ್ಕೆ ಒಳಗೆ ಏನೋ ಹರಿದದ್ದು ನಂಗೇ ಕೇಳಿಸ್ತು."

ಸೂಜಿ ಎಳೆದುಕೊಂಡು, ಹತ್ತಿಯಿಂದ ಒರೆಸಿ, ಅವಳು ಒಲೆಯ ಹತ್ತಿರ ಹೋದಳು.

ಮೇ 21

ಬಾಳೆಹಣ್ಣು ಮಾರುವವಳು ಬಾಗಿಲಿಗೆ ಬಂದಿದ್ದಳು. ಬೈದು ಕಳಿಸಿದೆ.

ಆಗಸ್ಟ್ 14

ನಾಲೆಗೆ ನೀರು ಬಂದಿದೆ. ನಾಟಿ ನಡೆಯುತ್ತಿದೆ. ಬದುವಿನ ಮೇಲೆ ನಿಂತು ಆಳುಗಳಿಗೆ ಕೂಗಿ ಹೇಳುತ್ತಿದ್ದಾಗ ಒಳಗಿನಿಂದ ಒದೆಯಿತು. ಮಾತು ನಿಂತುಹೋಯಿತು. ಆಳುಗಳೆಲ್ಲ ತಲೆಯೆತ್ತಿ ನೋಡಿದರು. ಏನು ನೋಡ್ತೀರಿ, ಬಗ್ಗಿ ಎಂದೆ.

ಮನೆಗೆ ಬಂದು ಮಗಳ ಕೈ ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟೆ. ಅವಳು ಕೈ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಬಂದು ಇಟ್ಟಳು. ಅವಳ ಕೈ ಅಲ್ಲಿರುವಷ್ಟು ಹೊತ್ತೂ ಒದೆಯಿತು.

ನನ್ನ ಹಳೆಯ ಧಾರೆ ಸೀರೆಯನ್ನು ನಾಲ್ಕಾಗಿ ಹರಿದು ಅವಳ ಹೊಟ್ಟೆಗೆ ಕಟ್ಟಲು ಮೆತ್ತೆ ಹೊಲಿದೆ. ನನ್ನ ಹೊಟ್ಟೆ ಎಷ್ಟು ಬೆಳೆದಿದೆಯೋ ಅಷ್ಟೇ ದಪ್ಪಕ್ಕೆ, ದಾರದಲ್ಲಿ ಅಳತೆ ಮಾಡಿ.

ಸೆಪ್ಟೆಂಬರ್ 5

ಗೌರಿ ಹಬ್ಬದ ಬಾಗಿನದ ನೆಪ ಮಾಡಿಕೊಂಡು ರಂಗಸ್ವಾಮಿ ಬಂದಿದ್ದ. ಕುಡಿದಿದ್ದ. ಮಗಳು ಬಾವಿಯ ಹತ್ತಿರ ತಲೆಗೆ ಸ್ನಾನ ಮುಗಿಸಿ ನಿಂತಿದ್ದಳು, ಮೆತ್ತೆ ಕಟ್ಟಿರಲಿಲ್ಲ. "ಯಾರಾದ್ರೂ ನೋಡುದ್ರೆ ನನ್ನ ಮಾನ ಏನಾಯ್ತದೆ ಲೌಡಿ" ಎಂದು ಬೆಲ್ಟು ಬಿಚ್ಚಿದ. ನಾನು ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಒದ್ದೆ ಬೆನ್ನಿನ ಮೇಲೆ ನಾಲ್ಕೈದು ಬರೆ ಎದ್ದಿದ್ದವು. ಅವಳು ಕೂಗಲಿಲ್ಲ. ಬಾವಿಯ ಕಟ್ಟೆ ಹಿಡಿದುಕೊಂಡು, ಎರಡು ಮಂಡಿಯನ್ನೂ ಹೊಟ್ಟೆಗೆ ಒತ್ತಿಕೊಂಡು ಮುದುಡಿಕೊಂಡಳು. ಹೊಟ್ಟೆಯಲ್ಲಿ ಏನೂ ಇಲ್ಲ, ಆದರೂ ಹೊಟ್ಟೆಯನ್ನೇ ಕಾಪಾಡಿಕೊಳ್ಳುತ್ತಿದ್ದಳು.

ನಾನು ನಡುವೆ ಹೋದೆ. ಅವಳಿಗೆಂದು ಬೀಸಿದ ಕಾಲು ನನ್ನ ತೊಡೆಗೆ ಬಿತ್ತು. ಅಂಗೈ ಅಗಲ ಮೇಲಕ್ಕೆ ಬಿದ್ದಿದ್ದರೆ ಇವತ್ತಿಗೆ ಎಲ್ಲ ಮುಗಿಯುತ್ತಿತ್ತು.

"ಅಯ್ಯೋ ಅತ್ತೆಮ್ಮ, ನಿಮಗಲ್ಲ" ಎಂದ.

ಗುದ್ದಲಿ ಗೋಡೆಗೆ ಒರಗಿತ್ತು. ಕಾವು ಹಿಡಿದು ಅದೇ ಕಾಲಿನ ಮುಂಗಾಲಿಗೆ ಹೊಡೆದೆ. ಕಬ್ಬು ಮುರಿದ ಸದ್ದು ಬಂತು. ಬಿದ್ದ. ಬಿದ್ದ ಮೇಲೂ ಹೊಡೆದೆ. ತೆವಳಿಕೊಂಡು ಹಟ್ಟಿಬಾಗಿಲು ದಾಟುವವರೆಗೆ ಹೊಡೆದೆ. ಮಾದಮ್ಮ ನನ್ನ ನಡುವನ್ನು ಅಪ್ಪಿ ಹಿಡಿದುಕೊಂಡು, "ಸಾಕು ಬುಡಿ ಗೌಡ್ತಮ್ಮ, ಮಗ ಉಸಿರಾಡ್ಲಿ" ಎಂದು ಅತ್ತಳು.

ಸಂಜೆಯವರೆಗೂ ಹೊಟ್ಟೆ ಕಲ್ಲಿನ ಹಾಗಿತ್ತು. ನನ್ನ ಮಗಳು ರಂಜಿತ ಅಂಗೈಗೆ ಹರಳೆಣ್ಣೆ ಹಚ್ಚಿಕೊಂಡು ಮೆಲ್ಲಗೆ ನೀವುತ್ತಲೇ ಇದ್ದಳು. ಅವಳ ಬೆನ್ನಿಗೆ ನಾನು ಬೆಣ್ಣೆ ಹಚ್ಚಿದೆ. ಹಳೆಯ ಗುರುತುಗಳೂ ಇವೆ. ಎಣಿಸಲಿಲ್ಲ.

ಅಕ್ಟೋಬರ್ 19

ಬೀಗಿತಿ ಮಡಿಲು ತುಂಬಲು ಟ್ರಾಕ್ಟರಿನಲ್ಲಿ ಇಪ್ಪತ್ತು ಹೆಂಗಸರನ್ನು ಕರೆತಂದಿದ್ದರು. ಶೀಳನೆರೆಯ ಜನಕ್ಕೆ ಸೊಸೆಯ ಬಸುರು ತೋರಿಸಬೇಕಲ್ಲ. ಬೇಡವೆಂದರೆ ಅನುಮಾನ ಬರುತ್ತದೆ. ರಂಗಸ್ವಾಮಿ ಕುಂಟುತ್ತ ಬಂದ. ಟ್ರಾಕ್ಟರಿನ ಹ್ಯಾಂಡಲ್ ತಿರುಗಿ ಹೊಡೆಯಿತು ಎಂದು ಎಲ್ಲರಿಗೂ ಹೇಳಿಕೊಂಡಿದ್ದಾನೆ.

ಮುಂಡೆಯಾದವಳು ಮಡಿಲು ತುಂಬುವ ಕಡೆ ಕಾಣಿಸಿಕೊಳ್ಳಬಾರದು. ನಾನು ಹಿಂದಿನ ಕೋಣೆಯಲ್ಲಿ ಭತ್ತ ತುಂಬಿಡುವ ಪಣತಕ್ಕೆ ಒರಗಿ ಕುಳಿತೆ. ನಡುಮನೆಯ ಮಾತೆಲ್ಲ ಕೇಳುತ್ತಿತ್ತು.

"ಹೊಟ್ಟೆ ಚೂಪಗದೆ, ಗಂಡೇ ಕಣಕ್ಕ."

"ಮುಖ ಬಾಡದೆ ನೋಡು, ಹೆಣ್ಣಾಯ್ತದೆ."

"ಯಾಕವ್ವ ಅಂಗೆ ಕೂತಿದ್ದೀಯೆ, ಹೊಟ್ಟೆ ಬಿದ್ದೋದಾತು ಅನ್ನೋ ಅಂಗೆ?"

ಎಲ್ಲರೂ ನಕ್ಕರು. ರಂಜಿತಳೂ ನಕ್ಕದ್ದು ಕೇಳಿಸಿತು. ಅಕ್ಕಿ, ಕೊಬ್ಬರಿ, ಹಸಿರು ಬಳೆ, ಕುಪ್ಪಸದ ಬಟ್ಟೆ ಅವಳ ಮಡಿಲಿಗೆ ಬೀಳುತ್ತಿದ್ದವು. ಒಳಗೆ ನನ್ನ ಹೊಟ್ಟೆಯಲ್ಲಿ ಮಗು ಅವರ ಸೋಬಾನೆ ಹಾಡಿಗೆ ಪಕ್ಕದಿಂದ ಪಕ್ಕಕ್ಕೆ ಹೊರಳುತ್ತಿತ್ತು. ನನಗೇ ತಿಳಿಯದಂತೆ ಪಣತದ ಸಂದಿಯಲ್ಲಿ ಉದುರಿದ್ದ ಒಂದು ಹಿಡಿ ಭತ್ತ ತೆಗೆದು ಸೆರಗಿಗೆ ಹಾಕಿಕೊಂಡಿದ್ದೆ.

ಆಗಲೇ ಕರಿಯಪ್ಪನ ಹೆಂಡತಿ ಮೊರ ತೆಗೆದುಕೊಳ್ಳಲು ಬಾಗಿಲು ತಳ್ಳಿದಳು. ನನ್ನ ಸೆರಗು ಹೊಟ್ಟೆಯ ಮೇಲಿರಲಿಲ್ಲ. ಹೊಟ್ಟೆ ಅಲುಗುತ್ತಿತ್ತು. ಅವಳು ಬಹಳ ಹೊತ್ತು ನೋಡಿದಳು. ಮೊರ ತೆಗೆದುಕೊಂಡು ಹೋದಳು.

ನವೆಂಬರ್ 8

ಬೆಳಗ್ಗೆ ಕರಿಯಪ್ಪ ನಾಲ್ಕು ಜನರೊಡನೆ ಬಾಗಿಲು ಒದ್ದು ಒಳಗೆ ಬಂದ.

"ಏನತ್ಗೆ, ನಿನ್ನ ಗಡ್ಡೆ ಒದೀತದಂತೆ?"

ಸೆರಗಿಗೆ ಕೈ ಹಾಕಿ ಎಳೆದ. ರಂಜಿತ ಅಡ್ಡ ಬಂದಳು, ಅವಳನ್ನು ಗೋಡೆಗೆ ನೂಕಿದ. ನನ್ನ ಜುಟ್ಟು ಹಿಡಿದು ಮಾರಮ್ಮನ ಗುಡಿಯವರೆಗೆ ಬೀದಿಯಲ್ಲಿ ನಡೆಸಿದ. ಎಂಟು ವರ್ಷದಿಂದ ನನ್ನ ಗದ್ದೆಯಲ್ಲಿ ಉಂಡವರೆಲ್ಲ ಬಾಗಿಲಲ್ಲಿ ನಿಂತಿದ್ದರು.

ನ್ಯಾಯ ಸೇರಿತ್ತು. ಚಾಪೆ ಹಾಸಿರಲಿಲ್ಲ.

ಊರಿನ ಯಜಮಾನ ಜವರಯ್ಯ ಕೇಳಿದ, "ಯಾರ್ದವ್ವ ಇದು? ಬಾಯ್ಬುಡು. ನಿಜ ಅಂದ್ರೆ ತಪ್ಪುಕಾಣಿಕೆ ಇಡ್ಸಿ ಬುಟ್ಬುಡ್ತೀವಿ."

ಜಾರಿದ ಸೆರಗನ್ನು ಎಳೆದು ಹೊಟ್ಟೆಗೆ ಹೊದ್ದುಕೊಂಡೆ.

"ಅವಳೇನೇಳಾಳು, ನಾನೇಳ್ತೀನಿ" ಎಂದ ಕರಿಯಪ್ಪ. "ತಿಂಗಳಿಗೆರಡು ದಪ ಅಳಿಯನ ಕಾರಲ್ಲಿ ಬೆಂಗಳೂರಿಗೆ ಓಗ್ತಿದ್ದಳಲ್ಲ. ಅವನನ್ನೇ ಕೇಳಿ! ಮಗಳಿಗೂ ಬಸುರು, ಅವ್ವನಿಗೂ ಬಸುರು. ಒಂದೇ ಗೂಳಿ! ಇಂಥವಳ ಕೈಲಿ ನಮ್ಮಣ್ಣನ ಭೂಮಿ ಇರಬೇಕಾ?"

ಮಧ್ಯಾಹ್ನದ ಹೊತ್ತಿಗೆ ಶೀಳನೆರೆಯಿಂದ ರಂಗಸ್ವಾಮಿಯನ್ನು ಕರೆಸಿದರು. ಬಂದು ಕುಂಟುಗಾಲಿನಲ್ಲಿ ನಿಂತ. ನಾನು ಅವನ ಮುಖವನ್ನೇ ನೋಡಿದೆ. ಬೀಜ ನಮ್ಮದು, ಹೊತ್ತಿರುವುದಷ್ಟೇ ಅತ್ತೆ, ಡಾಕ್ಟರು ಮಾಡಿದ್ದು, ಕಾಗದವಿದೆ. ಅವನು ಹೇಳಬೇಕಾಗಿದ್ದದ್ದು ಇಷ್ಟೇ. ಗಂಡಸು ಹೇಳಿದರೆ, ರುಜು ತೋರಿಸಿದರೆ ನಂಬುತ್ತಿದ್ದರು. ನಾನು ಹೇಳಿದರೆ ನಗುತ್ತಿದ್ದರು. ಜೊತೆಗೆ ರಂಜಿತಳ ಹೊಟ್ಟೆಯ ಮೆತ್ತೆಯನ್ನು ಅದೇ ಜನರ ಮುಂದೆ ಬಿಚ್ಚಬೇಕಾಗುತ್ತಿತ್ತು. ರಂಜಿತ ಬಾಯಿ ತೆರೆದಳು. ಬೇಡವೆಂದು ಕಣ್ಣಿನಲ್ಲೇ ತಡೆದೆ.

"ಆಣೆ ಮಡಗ್ತೀಯೇನಪ್ಪ?" ಎಂದ ಜವರಯ್ಯ.

ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿದರು. ಕರ್ಪೂರ ಹೊಡೆದು ಮಾಡಿದ ಆಣೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಹಿಂತೆಗೆದುಕೊಂಡಿಲ್ಲ. ತೆಗೆದುಕೊಂಡವನಿಗೆ ಹೆಣ್ಣು ಕೊಡುವವರಿಲ್ಲ, ಹೆಣ ಎತ್ತುವವರಿಲ್ಲ. ರಂಗಸ್ವಾಮಿ ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಮ್ಮಪ್ಪನಾಣೆ, ಈ ಮಾರಮ್ಮನಾಣೆ. ಈ ಬಸುರಿಗೂ ನಂಗೂ ಸಂಬಂಧ ಇಲ್ಲ. ಈ ಹೊಟ್ಟೇಲಿರೋದು ನನ್ನ ಕುಡಿ ಅಂತ ನಾನು ಯಾವತ್ತಾದ್ರೂ ಅಂದ್ರೆ ನನ್ನ ವಂಶ ನಿರ್ವಂಶ ಆಗ್ಲಿ."

ಉರಿಯುವ ಕರ್ಪೂರದ ಮೇಲೆ ಅಂಗೈ ಹೊಡೆದ. ಆರಿತು.

ನನ್ನನ್ನು ಕುಲದಿಂದ ಹೊರಗೆ ಹಾಕಿದರು. ನೀರು, ಬೆಂಕಿ, ಆಳು ಯಾವುದೂ ಇಲ್ಲ. ಹೆತ್ತ ಮೇಲೆ ಭೂಮಿಯ ವಿಷಯ ಮಾತಾಡುತ್ತಾರಂತೆ. ಹಿಂತಿರುಗುವಾಗ ಮೊದಲ ಕಲ್ಲನ್ನು ಕರಿಯಪ್ಪನೇ ಎಸೆದ. ಎರಡನೆಯದು ಮಾದಮ್ಮನ ಹುಬ್ಬು ಸೀಳಿತು. ಮೂರನೆಯದು, ನಾಲ್ಕನೆಯದು ನನ್ನ ಬೆನ್ನಿಗೆ. ಏಟು ತಿಂದು ತಿರುಗಿ ಹೊಡೆಯದೆ ಬಂದದ್ದು ಇದೇ ಮೊದಲು. ಎರಡು ಕೈಗೂ ಬೇರೆ ಕೆಲಸವಿತ್ತು, ಹೊಟ್ಟೆಯನ್ನು ಮುಚ್ಚಿಕೊಂಡಿದ್ದವು.

ನವೆಂಬರ್ 9

ಹುಲ್ಲಿನ ಮೆದೆಗೆ ಬೆಂಕಿ ಇಟ್ಟಿದ್ದಾರೆ. ಹಸುಗಳನ್ನು ಬಿಚ್ಚಿ ಹೊರಗೆ ಬಿಟ್ಟೆವು. ಮೊದಲ ಬಸ್ಸಿಗೆ ಮೂವರೂ ಮೈಸೂರಿಗೆ ಹೊರಟೆವು. ಬಸ್ಸಿನಲ್ಲಿ ಯಾರೂ ಜಾಗ ಬಿಡಲಿಲ್ಲ. ರಂಜಿತ ಮೆತ್ತೆ ಕಟ್ಟಿಕೊಂಡಿದ್ದಳಲ್ಲ, ಅವಳಿಗೆ ಬಿಟ್ಟರು. ಅವಳು ಎದ್ದು ನನ್ನನ್ನು ಕೂರಿಸಿದಳು.

ಡಿಸೆಂಬರ್ 13

ನಿನ್ನೆ ಬೆಳಗ್ಗೆ ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಗಂಡು. ರಕ್ತದೊತ್ತಡ ಏರಿತ್ತು, ಇನ್ನು ಕಾಯುವ ಹಾಗಿಲ್ಲ ಎಂದರಂತೆ. ಎರಡು ಬಾಟಲಿ ರಕ್ತ ಕೊಟ್ಟರು. ಬರೆಯಲು ಕೈ ಏಳುವುದಿಲ್ಲ.

ಮೂಗು ರಂಜಿತಳದು.

ಡಿಸೆಂಬರ್ 16

ಫಾರಂ ತುಂಬಿ ಕೊಟ್ಟಾಯಿತು. ಹೇಗಾಯಿತೆಂದು ಬರೆದಿಡುತ್ತೇನೆ.

ಬೆಳಗ್ಗೆ ರಂಗಸ್ವಾಮಿ, ಬೀಗಿತಿ ಬಂದರು. ಬೀಗಿತಿಯ ಕೈಯಲ್ಲಿ ಬೆಳ್ಳಿಯ ಉಡಿದಾರ. ಮಗು ರಂಜಿತಳ ತೊಡೆಯ ಮೇಲೆ ಮಲಗಿತ್ತು. ಮೆತ್ತೆ ಬಿಚ್ಚಿ, ಆ ಧಾರೆ ಸೀರೆಯ ತುಂಡುಗಳಲ್ಲೇ ಅವಳು ಅದನ್ನು ಸುತ್ತಿದ್ದಳು. ರಂಗಸ್ವಾಮಿ ಸ್ಟೂಲು ಎಳೆದುಕೊಂಡು ನನ್ನ ಹತ್ತಿರ ಕುಳಿತು ಮೆತ್ತಗೆ ಮಾತಾಡಿದ.

"ಅತ್ತೆಮ್ಮ, ನಿಮ್ದು ಸತ್ತುಟ್ತು ಅಂದ್ಬುಡಿ. ರಂಜಿತಂಗೆ ಗಂಡಾಯ್ತು ಅಂತ ನಾನು ಎರಡೂರಿಗೂ ಹೇಳ್ತೀನಿ. ಸತ್ತೋದ್ಮೇಲೆ ನ್ಯಾಯ ಎಲ್ಲೀದು? ತಪ್ಪುಕಾಣಿಕೆ ಕಟ್ಟಿ ಕುಲಕ್ಕೆ ಸೇರ್ಕೊಳ್ಳಿ. ನಿಮ್ಮ ಮಾನವೂ ಉಳೀತದೆ, ನಮ್ದೂ ಉಳೀತದೆ. ಇವಳನ್ನೂ ಮಗಾನೂ ಇವತ್ತೇ ಕರ್ಕೊಂಡೋಗ್ತೀನಿ."

ಮಾತು ಸರಿಯಾಗಿಯೇ ಇತ್ತು. ಫೆಬ್ರವರಿಯಲ್ಲಿ ನಾನೇ ಹಾಕಿದ ಲೆಕ್ಕವೂ ಇದೇ. ಒಂದು ಸುಳ್ಳು ಹೇಳಿದರೆ ನನ್ನ ಚಾಪೆ ನನಗೆ. ಮಾದಮ್ಮ ಕೊಟ್ಟ ಕಾಫಿ ಆರುವವರೆಗೂ ಯೋಚಿಸಿದೆ. ಆಮೇಲೆ ಕೇಳಿದೆ.

"ರಂಜಿತ, ನೀನೇನಂತೀಯವ್ವ?"

ಅವಳು ನನ್ನನ್ನೇ ನೋಡಿದಳು. ಕೇಳಿದ್ದು ಅರ್ಥವಾಗಲಿಲ್ಲವೇನೋ ಎಂದು ಇನ್ನೊಂದು ಸಲ ಕೇಳಿದೆ.

"ನಾನು ಆ ಮನೆಗೆ ಓಗಲ್ಲ ಕಣವ್ವ. ಮಗಾನೂ ಕಳ್ಸಲ್ಲ. ಬೆಂಗಳೂರಲ್ಲಿ ಆ ಡಾಕ್ಟರಮ್ಮನಿಗೂ ಇದನ್ನೇ ಹೇಳಿದ್ದೆ. ನಂಗೆ ಮಗು ಬೇಕು, ಅವನು ಬ್ಯಾಡ ಅಂತ. ನಿಮ್ಮವ್ವನಿಗೆ ಹೇಳು ಅಂದ್ರು. ನಿಂಗೆ ಎಂಗೆ ಹೇಳ್ಲಿ?"

"ಅವಳನ್ನೇನು ಕೇಳ್ತೀರಿ?" ಎನ್ನುತ್ತ ರಂಗಸ್ವಾಮಿ ಮಗುವಿಗೆ ಕೈ ಹಾಕಿದ. ರಂಜಿತ ಅವನ ಮಣಿಕಟ್ಟನ್ನು ಕಚ್ಚಿದಳು. ಬಿಡಲಿಲ್ಲ. ರಕ್ತ ಅವಳ ಗಲ್ಲದಿಂದ ಇಳಿದು ಸೀರೆಯ ತುಂಡಿನ ಮೇಲೆ ಬಿತ್ತು. ಅವನು ಕಿರುಚಿಕೊಂಡು ಕಾಲೆತ್ತಿದ. ಅದೇ ಕಾಲು. ನಾನು ಏಳಲು ಹೋದೆ, ಹೊಲಿಗೆ ಬಿಚ್ಚಿಕೊಂಡ ಹಾಗಾಗಿ ಕಣ್ಣು ಕತ್ತಲಿಟ್ಟಿತು. ಕಾಫಿ ಲೋಟವನ್ನು ಅವನ ಮುಖಕ್ಕೆ ಎಸೆದೆ. ಹುಬ್ಬಿಗೆ ತಗುಲಿತು, ಮಾದಮ್ಮನಿಗೆ ಕಲ್ಲು ಬಿದ್ದ ಜಾಗಕ್ಕೇ.

"ಕಾಲು ಇಳಿಸ್ಲಾ" ಎಂದೆ.

"ನನ್ನ ಮಗ ಅದು!"

"ನಿನ್ನ ಮಗನಾ? ಮಾರಮ್ಮನ ಮುಂದೆ ಕರ್ಪೂರ ಹೊಡ್ದೋನು ಯಾರ್ಲಾ? ಓಗು, ಅದೇ ಗುಡಿ ಮುಂದೆ ನಿಂತ್ಕೊಂಡು ಇದು ನನ್ನ ಕುಡಿ ಅನ್ನು. ಬೆಂಗಳೂರಿನ ಕಾಗದದಲ್ಲಿ ನಿನ್ನ ರುಜು ಅದೆ, ತಂದು ಜವರಯ್ಯನಿಗೆ ಓದಿ ಹೇಳು. ಹೇಳಿ ಬಾ, ಈ ಕೈಯಾರೆ ಎತ್ತಿ ಕೊಡ್ತೀನಿ."

ಅವನು ಬಾಯಿ ತೆರೆದ. ಬೀಗಿತಿ ಓಡಿಬಂದು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು.

"ಬ್ಯಾಡ ಕಣ್ಲಾ ಮಗ, ಅನ್ಬ್ಯಾಡ ಕಣೋ! ನಿರ್ವಂಶ ಅಂದ್ಬುಟ್ಟಿದ್ದೀಯೆ. ನಾಗಮಂಗಲದೋರು ಕಾಯ್ತಾವ್ರೆ, ನಡಿ, ಬೇರೆ ಹುಟ್ತವೆ, ನಡಿ."

ಎಳೆದುಕೊಂಡು ಹೋದರು. ಉಡಿದಾರವನ್ನೂ ತೆಗೆದುಕೊಂಡು ಹೋದರು.

ನರ್ಸು ಬಂದು ಹೊಲಿಗೆ ನೋಡಿ ಬೈದು ಹೋದಳು. ಆಮೇಲೆ ಜನನ ಬರೆದುಕೊಳ್ಳುವ ಗುಮಾಸ್ತ ಬಂದ. ಕೇಸ್ ಶೀಟಿನಲ್ಲಿ ಹೆತ್ತವಳು ನಾನೇ. ರಂಜಿತಳ ಹೆಸರು ಹಾಕಿಸಿದರೆ ಅವಳ ಗಂಡ ತಂದೆಯಾಗಿಬಿಡುತ್ತಾನೆ.

"ತಂದೆ ಹೆಸರು?"

"ಇಲ್ಲ."

"ಇಲ್ಲ ಅಂದ್ರೆ? ತೀರಿಕೊಂಡ್ರಾ?"

"ಇಲ್ಲ ಅಂದ್ರೆ ಇಲ್ಲ."

ಅವನು ನನ್ನ ಬರಿಹಣೆ ನೋಡಿದ, ಮಗುವನ್ನು ನೋಡಿದ, ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಕೊಡು ಇಲ್ಲಿ ಎಂದು ಫಾರಂ ಇಸಿದುಕೊಂಡೆ. ತಂದೆಯ ಹೆಸರಿನ ಎದುರು ಗೆರೆ ಎಳೆದೆ. ತಾಯಿಯ ಹೆಸರಿನ ಎದುರು ಚಿಕ್ಕಬೋರಮ್ಮ, ಜೋಡಿಬಾವಿ ಮನೆ, ಅರಕೆರೆ ಎಂದು ಬರೆದೆ. ಅಕ್ಷರ ದುಂಡಗೇ ಬಂದಿದೆ.

ಮನೆಯಲ್ಲಿ ಅವನು ರಂಜಿತಳನ್ನು ಅವ್ವ ಎನ್ನುತ್ತಾನೆ. ನನ್ನನ್ನು ಏನಾದರೂ ಅನ್ನಲಿ. ರಂಜಿತಳ ಬಸುರು ಏನಾಯಿತೆಂದು ಊರು ಕೇಳಿದರೆ ಸತ್ತು ಹುಟ್ಟಿತು ಎಂದರಾಯಿತು. ಹೊಲಿಗೆ ಬಿಚ್ಚಿದ ದಿನವೇ ಮೂವರೂ ಊರಿಗೆ ಹೋಗುತ್ತೇವೆ. ಗದ್ದೆಯಲ್ಲಿ ಕೊಯ್ಲಿಗೆ ಬಂದ ಭತ್ತವಿದೆ.

ಗಂಡು ಹುಟ್ಟಿದರೆ ಮನೆಮನೆಗೂ ಸಕ್ಕರೆ ಹಂಚುವುದು ನಮ್ಮಲ್ಲಿ ವಾಡಿಕೆ. ಐದು ಸೇರು ತರಿಸಿ ಮಾದಮ್ಮನ ಕೈಲಿ ಕೊಟ್ಟೆ.

"ಏನಂತ ಹೇಳ್ಲಿ ಗೌಡ್ತಮ್ಮ? ಯಾರ್ಗೆ ಮಗ ಅನ್ಲಿ?" ಎಂದಳು.

"ಚಿಕ್ಕಬೋರಮ್ಮಂಗೆ ಗಂಡಾಯ್ತು ಅನ್ನು. ಜೋರಾಗನ್ನು."

ಮಧ್ಯಾಹ್ನದ ಬಸ್ಸಿಗೆ ಹೋದಳು. ಇಷ್ಟು ಹೊತ್ತಿಗೆ ಅರಕೆರೆಯಲ್ಲಿ ಇಳಿದಿರುತ್ತಾಳೆ. ಮೊದಲು ಕರಿಯಪ್ಪನ ಬಾಗಿಲು ತಟ್ಟಲು ಹೇಳಿ ಕಳಿಸಿದ್ದೇನೆ.